ಹೈ ಕಿಕ್: ಕುಮಿತೆಯಲ್ಲಿ ಸರಿ, ಬೀದಿಯಲ್ಲಿ?

ಪ್ರಶ್ನೆ: ಕರಾಟೆಯ ಕುಮಿತೆಯಲ್ಲಿ (ಇಬ್ಬರು ಎದುರುಬದುರಾಗಿ ಸೆಣಸುವ ಪಂದ್ಯ) ತಲೆಗೆ ಒದ್ದರೆ 3 ಪಾಯಿಂಟ್, ಹೊಟ್ಟೆಗೆ 2, ಪಂಚ್‌ಗೆ 1. ಹಾಗಾಗಿ ಕ್ಲಾಸಲ್ಲಿ ಹೈ ಕಿಕ್ ಅಭ್ಯಾಸವೇ ಜಾಸ್ತಿ. ಯಾರಾದರೂ ನಿಜವಾಗಿ ಮೈಮೇಲೆ ಬಂದರೆ ಇದು ಕೆಲಸಕ್ಕೆ ಬರುತ್ತಾ?

ಉತ್ತರ 1: ನಂಬ್ಕೋಬೇಡಿ. ಮವಾಶಿ ಗೇರಿ, ಅಂದರೆ ಪಕ್ಕದಿಂದ ಸುತ್ತಿ ಬರುವ ಒದೆ, ಹಾಕುವಾಗ ನಿಂತ ಕಾಲಿನ ಹಿಮ್ಮಡಿ ಎದುರಾಳಿಯ ಕಡೆ ತಿರುಗಲೇಬೇಕು. ಮ್ಯಾಟ್ ಮೇಲೆ ಬರಿಗಾಲು ಸಲೀಸಾಗಿ ತಿರುಗುತ್ತೆ. ಡಾಂಬರಿನ ಮೇಲೆ ಶೂ ಕಚ್ಚಿಕೊಂಡು ಮಂಡಿ ತಿರುಚುತ್ತೆ, ಒದ್ದೆ ಟೈಲ್ಸ್ ಮೇಲೆ ಜಾರುತ್ತೆ. ಬಿಗಿ ಜೀನ್ಸ್‌ನಲ್ಲಿ ಮಂಡಿ ಎದೆಮಟ್ಟಕ್ಕೇ ಏಳಲ್ಲ. ಕಾಲರ್ ಹಿಡಿಯುವಷ್ಟು ಹತ್ತಿರ ಬಂದವನಿಗೆ ಒದೆಯಲು ಜಾಗವೂ ಇರಲ್ಲ.

ಉತ್ತರ 2: ಒಪ್ತೀನಿ, ಆದರೆ ಹೈ ಕಿಕ್ ಬರೀ ಪ್ರದರ್ಶನ ಅಂದ್ಕೋಬೇಡಿ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನ 75 ಕೆಜಿ ಮೇಲ್ಪಟ್ಟವರ ಫೈನಲ್‌ನಲ್ಲಿ ಸೌದಿಯ ಹಮೇದಿಯ ಒದೆಗೆ ಇರಾನಿನ ಗಂಜ್‌ಜಾದೆ ಪ್ರಜ್ಞೆ ತಪ್ಪಿದರು. ಒದೆಯ ಬಲ ನಿಯಂತ್ರಣ ಮೀರಿದ್ದಕ್ಕೆ ಹಮೇದಿ ಅನರ್ಹರಾದರು, ಚಿನ್ನ ಗಂಜ್‌ಜಾದೆಗೆ ಹೋಯ್ತು.

ಉತ್ತರ 3: ಬೀದಿಯಲ್ಲಿ ಸೊಂಟದ ಮಟ್ಟ ದಾಟಬೇಡಿ. ಮೊದಲು ಎರಡೂ ಅಂಗೈ ಮುಖದ ಮುಂದೆ ಎತ್ತಿ ಹಿಂದೆ ಸರಿಯಿರಿ. ಆದರೂ ನುಗ್ಗಿದರೆ ಮೇ ಗೇರಿ (ನೇರ ಮುಂದಕ್ಕೆ ಒದೆ): ಮಂಡಿ ಎತ್ತಿ, ಕಾಲ್ಬೆರಳು ಮೇಲಕ್ಕೆ ಮಡಚಿ, ಅಂಗಾಲಿನ ಮುಂದಿನ ಉಬ್ಬಿನಿಂದ ಕಿಬ್ಬೊಟ್ಟೆಗೆ. ಕಾಲು ತಕ್ಷಣ ವಾಪಸ್ ಎಳ್ಕೊಳ್ಳಿ, ಇಲ್ಲದಿದ್ದರೆ ಹಿಡಿದು ಬೀಳಿಸ್ತಾರೆ. ದಾರಿ ಸಿಕ್ಕ ಕೂಡಲೇ ಓಡಿ. ವಾರಕ್ಕೊಮ್ಮೆಯಾದರೂ ಶೂ, ಪ್ಯಾಂಟ್ ಹಾಕ್ಕೊಂಡೇ ಇದನ್ನು ಪ್ಯಾಡ್ ಮೇಲೆ ಅಭ್ಯಾಸ ಮಾಡಿ.