ಸಹಾಯ ಬೇಕು: ವರ್ಷದ ಕೊನೆಗೆ ಕೇಳುವಂಥ ಜಪಾನಿ ಹಾಡುಗಳು

ಎಲ್ಲರಿಗೂ ನಮಸ್ಕಾರ. ಜಪಾನಿ ಕಲಿಯುತ್ತಿರುವ ನಾವು ಕೆಲವು ಗೆಳೆಯರು ಡಿಸೆಂಬರ್ 31ರ ರಾತ್ರಿ ಒಟ್ಟಿಗೆ ಕೂತು, ಕಳೆದ ವರ್ಷವನ್ನು ಮೆಲುಕು ಹಾಕುವಂಥ ಹಾಡುಗಳನ್ನು ಕೇಳಬೇಕು ಅಂದುಕೊಂಡಿದ್ದೇವೆ. ಪಟ್ಟಿ ಇನ್ನೂ ಚಿಕ್ಕದು.

ನಕಾಜಿಮಾ ಮಿಯುಕಿ ಅವರ 'ಜಿದಾಯ್' (1975) ಮೊದಲು ಸೇರಿದ್ದು. ಇವತ್ತು ಅಳು ಬರುವಂಥದ್ದನ್ನೂ ಮುಂದೊಂದು ದಿನ ನಗುತ್ತಾ ಹೇಳಿಕೊಳ್ಳುತ್ತೇವೆ ಅನ್ನೋ ಭಾವ ಅದರದು. ನನಗಂತೂ ಇದಕ್ಕಿಂತ ಹತ್ತಿರದ ಹಾಡು ಸಿಕ್ಕಿಲ್ಲ. ಇನ್ನೊಂದು, ಮಿಸೋರಾ ಹಿಬಾರಿ ಅವರ 'ಕಾವಾ ನೊ ನಾಗಾರೆ ನೊ ಯೋ ನಿ'. ಬದುಕನ್ನು ಹರಿಯುವ ನದಿಯಾಗಿ ನೋಡುವ ಹಾಡು. 1989ರ ಜನವರಿಯಲ್ಲಿ ಬಂತು, ಅದೇ ಜೂನ್‌ನಲ್ಲಿ ಅವರು ತೀರಿಕೊಂಡರು. ಕೊನೆಗೆ 'ಹೊತಾರು ನೊ ಹಿಕಾರಿ'. ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಯ ವರ್ಷಾಂತ್ಯದ 'ಕೋಹಾಕು' ಹಾಡಿನ ಕಾರ್ಯಕ್ರಮದ ಕೊನೆಯಲ್ಲಿ ಎಲ್ಲರೂ ಸೇರಿ ಹಾಡುವುದು ಇದನ್ನೇ. ಧಾಟಿ ಸ್ಕಾಟ್ಲೆಂಡಿನದು.

ಮೂರೂ ಹಳೆಯವು. 2000ದ ನಂತರದ, ನಿಧಾನ ಗತಿಯ, ಸಾಹಿತ್ಯ ಸರಳವಾಗಿರುವ ಹಾಡುಗಳು ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಬರೀ ಪ್ರೇಮವಿರಹದವು ಬೇಡ. ಜಪಾನಿನಲ್ಲಿ ಇರುವವರು, ಇದ್ದು ಬಂದವರು ಅಲ್ಲಿನ ಮನೆಗಳಲ್ಲಿ ಆ ರಾತ್ರಿ ಏನು ಕೇಳುತ್ತಾರೆ ಅಂತ ಬರೆದರೆ ತುಂಬಾ ಉಪಕಾರ. ಹಾಡಿದವರ ಹೆಸರನ್ನೂ ಹಾಕಿ, ಹುಡುಕಲು ಸುಲಭವಾಗುತ್ತದೆ.