ಐವತ್ತು ದಾಟಿದ ಮೇಲೂ ನಟಿಯಾಗಿಯೇ ಇರಬೇಕು: ನಮ್ಮ ಕಡೆಯವರು ಏನಂತೀರಿ?

ಸುರಪುರದಿಂದ ಕೇಳುತ್ತಿರುವೆ:
ಎಲ್ಲರಿಗೂ ನಮಸ್ಕಾರ. ಡಿಗ್ರಿ ಮುಗಿದಿದೆ. ಕಲಬುರಗಿಯ ಒಂದು ಹವ್ಯಾಸಿ ತಂಡದಲ್ಲಿ ನಾಟಕ ಮಾಡುತ್ತಿದ್ದೇನೆ. ಒಂದೆರಡು ಸಿನಿಮಾ ಮಾಡಿ ಮಾಯವಾಗೋದು ನನಗೆ ಬೇಡ, ಐವತ್ತು ದಾಟಿದ ಮೇಲೂ ನಟಿಯಾಗಿಯೇ ಇರಬೇಕು. ಈಗಲೇ ಬೆಂಗಳೂರಿಗೆ ಹೋಗಲಾ? ಮನೆಯವರನ್ನು ಒಪ್ಪಿಸೋದು ಹೇಗೆ? ಅನುಭವ ಇದ್ದವರು ದಯವಿಟ್ಟು ಹೇಳಿ.

ಕಲಬುರಗಿಯ ರಂಗನಟರೊಬ್ಬರು:
ತಂಗಿ, ಬೆಂಗಳೂರು ಎಲ್ಲೂ ಓಡಿಹೋಗಲ್ಲ. ಮೊದಲು ದನಿ ಗಟ್ಟಿ ಮಾಡಿಕೋ. ವಯಸ್ಸಾದಂತೆ ಮುಖ ಬದಲಾಗುತ್ತದೆ, ಸಿಗುವ ಪಾತ್ರವೂ ಬದಲಾಗುತ್ತದೆ. ಮಾತು ಚೊಕ್ಕವಾಗಿ ಆಡುವವರನ್ನು ಯಾವ ವಯಸ್ಸಿನಲ್ಲೂ ಹುಡುಕಿಕೊಂಡು ಬರುತ್ತಾರೆ.

ನನಗೆ ಇದನ್ನು ಕಲಿಸಿದ್ದು ರೇಡಿಯೋ ನಾಟಕ. ಕಲಬುರಗಿ ಆಕಾಶವಾಣಿ 1966ರಿಂದ ಇದೆ. ನಾಟಕ ಕಲಾವಿದರಿಗೆ ಆಡಿಷನ್ ಇರುತ್ತದೆ, ಪಾಸಾದರೆ ಗ್ರೇಡ್ ಸಿಗುತ್ತದೆ. ಅರ್ಜಿ ಯಾವಾಗ ಕರೆಯುತ್ತಾರೆ ಅಂತ ನಿಲಯಕ್ಕೇ ಹೋಗಿ ಕೇಳು. ಸ್ಟುಡಿಯೋದಲ್ಲಿ ನಾಟಕದ ಹಾಳೆಗಳಿಗೆ ಪಿನ್ ಹಾಕಿಕೊಳ್ಳುವುದಿಲ್ಲ, ಬಿಡಿ ಬಿಡಿಯಾಗಿ ಹಿಡಿಯುತ್ತೇವೆ. ಓದಿ ಮುಗಿದ ಹಾಳೆಯನ್ನು ಸದ್ದಾಗದಂತೆ ಹಿಂದೆ ಸರಿಸಬೇಕು, ಅಷ್ಟರಲ್ಲಿ ಮುಂದಿನ ಮಾತು ಕಣ್ಣಿಗೆ ಬಿದ್ದಿರಬೇಕು. ಕೂಗುವ ಮಾತಿಗೆ ಮೈಕಿನಿಂದ ತುಸು ದೂರ, ಗುಟ್ಟಿನ ಮಾತಿಗೆ ಹತ್ತಿರ. ಕೈ ಬೀಸಿದರೂ ಕಣ್ಣು ಅರಳಿಸಿದರೂ ಯಾರಿಗೂ ಕಾಣಲ್ಲ, ಎಲ್ಲವನ್ನೂ ಉಸಿರಿನಲ್ಲೇ ತರಬೇಕು. ಇಲ್ಲಿ ಪಳಗಿದ ದನಿ ಮುಂದೆ ಡಬ್ಬಿಂಗ್‌ನಲ್ಲೂ ಕೈ ಹಿಡಿಯುತ್ತದೆ.

ಇನ್ನೊಂದು ಮಾತು. ನಮ್ಮ ಕಡೆಯ ಕನ್ನಡವನ್ನು ಮಾತ್ರ ಬಿಡಬೇಡ. ಕಲಬುರಗಿಯಲ್ಲಿ ಬೆಳೆದವರ ಕಿವಿಗೆ ದಖನಿ ಉರ್ದು ಬಿದ್ದಿರುತ್ತದೆ, ಯಾದಗಿರಿ ಕಡೆ ತೆಲುಗು, ಬೀದರ್ ಕಡೆ ಮರಾಠಿ. ನಟರಿಗೆ ಇದಕ್ಕಿಂತ ದೊಡ್ಡ ಆಸ್ತಿ ಇಲ್ಲ. ಜೊತೆಗೆ ಪುಸ್ತಕದ ಕನ್ನಡವೂ ನಾಲಿಗೆಗೆ ಸಲೀಸಾಗಬೇಕು, ಆಗ ಯಾವ ಪಾತ್ರ ಕೊಟ್ಟರೂ ಒಲ್ಲೆ ಅನ್ನಬೇಕಿಲ್ಲ. ಬೆಳಿಗ್ಗೆ ಎದ್ದು ಅರ್ಧ ಗಂಟೆ ಜೋರಾಗಿ ಓದು. ಒಂದು ದಿನ ವಚನ, ಒಂದು ದಿನ ಪೇಪರ್. ಒತ್ತಕ್ಷರ ನುಂಗಬೇಡ.

ಬೀದರ್‌ನಿಂದ, ಸಿನಿಮಾದಲ್ಲಿ ಪೋಷಕ ಪಾತ್ರ ಮಾಡುವವರು:
ಅಣ್ಣಾರು ಹೇಳಿದ್ದು ಸರಿ. ಆದರೆ ಊರಲ್ಲೇ ಬಹಳ ವರ್ಷ ಕೂತರೆ ಸಿನಿಮಾದವರಿಗೆ ನಮ್ಮ ಮುಖವೇ ಗೊತ್ತಾಗಲ್ಲ. ಒಂದು ಹಂತಕ್ಕೆ ಹೋಗಲೇಬೇಕು. ಹೋದ ಮೇಲೆ ಸಣ್ಣ ಪಾತ್ರ ಅಂತ ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಜಿಲ್ಲೆಯ ವೈಜನಾಥ ಬಿರಾದಾರ ಅವರನ್ನೇ ನೋಡಿ. ವರ್ಷಗಟ್ಟಲೆ ಭಿಕ್ಷುಕ, ಕುಡುಕ ಇಂಥ ಚಿಕ್ಕ ಚಿಕ್ಕ ಪಾತ್ರಗಳನ್ನೇ ಮಾಡಿದರು. ಆಮೇಲೆ ಗಿರೀಶ್ ಕಾಸರವಳ್ಳಿಯವರು 2010ರ ತಮ್ಮ ಸಿನಿಮಾದಲ್ಲಿ ಅವರಿಗೆ ಮುಖ್ಯ ಪಾತ್ರ ಕೊಟ್ಟರು. ಅದಕ್ಕೆ ಸ್ಪೇನ್‌ನ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ಬಂತು. ನನಗೆ ಆ ಪ್ರಶಸ್ತಿಗಿಂತ ಅದಕ್ಕೆ ಮೊದಲಿನ ವರ್ಷಗಳ ಮೇಲೇ ಗೌರವ ಜಾಸ್ತಿ.

ಜಾತ್ರೆಗೆ ನಾಟಕ ಕಂಪನಿ ಬಂದಾಗ ಒಂದೇ ನಾಟಕವನ್ನು ಎರಡು ಮೂರು ಸಲ ನೋಡಿ. ಹಾಸ್ಯನಟ ಒಂದು ಮಾತು ಹೇಳುತ್ತಾನೆ, ಜನ ನಗುತ್ತಾರೆ. ನಗು ಪೂರ್ತಿ ಇಳಿಯುವವರೆಗೂ ಕಾಯಲ್ಲ, ಸುಮ್ನೆ ಅದರ ಮೇಲೂ ಮಾತಾಡಲ್ಲ. ನಗು ಇಳಿಯೋಕೆ ಶುರುವಾದ ಗಳಿಗೆಗೆ ಮುಂದಿನ ಮಾತು ಎಸೆಯುತ್ತಾನೆ. ದಿನಾ ಬೇರೆ ಜನ, ದಿನಾ ಬೇರೆ ಲೆಕ್ಕ.

ಶಾಲೆಯಲ್ಲಿ ಪಾಠ ಮಾಡುವವರು, ಯಾದಗಿರಿ:
ಡಿಸೆಂಬರ್ ಹತ್ತಿರ ಬಂದರೆ ಶಾಲೆಗಳ ವಾರ್ಷಿಕೋತ್ಸವಕ್ಕೆ ನಾಟಕ ಕಲಿಸುವವರು ಬೇಕಾಗುತ್ತಾರೆ. ಕೈಯಲ್ಲಿ ಪಾತ್ರ ಇಲ್ಲದ ತಿಂಗಳಲ್ಲಿ ಮನೆ ಖರ್ಚಿಗೆ ಆಗುತ್ತದೆ, ರಂಗದ ನಂಟೂ ಬಿಡಲ್ಲ. ಇದನ್ನು ಕೀಳು ಅಂತ ತಿಳಿಯಬೇಡಮ್ಮ.

ಕಲಬುರಗಿಯಿಂದ ಬೆಂಗಳೂರಿಗೆ ಬಂದ ನಟಿ:
ಹೆಣ್ಣುಮಗಳಾಗಿ ನಾನು ಹೇಳಬೇಕಾದ್ದು ಬೇರೆ ಇದೆ. ಬೆಂಗಳೂರಿಗಿಂತ ಮೊದಲು ಒಂದು ವರ್ಷ ಸರಿಯಾಗಿ ಕಲಿತು ಬಾ. ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ 1980ರಲ್ಲಿ ಶುರುವಾದದ್ದು, ಅಲ್ಲೇ ಇದ್ದು ಕಲಿಯುವ ಒಂದು ವರ್ಷದ ಕೋರ್ಸ್. ಮೈಸೂರು ರಂಗಾಯಣದಲ್ಲೂ ಒಂದು ವರ್ಷದ ಡಿಪ್ಲೊಮಾ ಇದೆ. ಕಲಬುರಗಿಯಲ್ಲೇ ರಂಗಾಯಣ ಇದೆ, ಅಲ್ಲಿಗೆ ಹೋಗಿ ವಿಚಾರಿಸಿದರೆ ದಾರಿ ಹೇಳುತ್ತಾರೆ. ಕೋರ್ಸ್‌ನಲ್ಲಿ ಜೊತೆಗೆ ಅಡುಗೆ ಮಾಡಿ, ಸೆಟ್ ಹೊತ್ತು, ಜಗಳ ಆಡಿ ಬಂದ ಗೆಳೆಯರೇ ಮುಂದೆ ಪಾತ್ರ ಇದ್ದಾಗ ಫೋನ್ ಮಾಡೋದು.

ಪಾತ್ರ ಕೊಡುತ್ತೇವೆ, ಇಷ್ಟು ದುಡ್ಡು ಕಟ್ಟಿ ಅಂದವರಿಗೆ ಒಂದು ರೂಪಾಯಿಯೂ ಕೊಡಬೇಡ. ರಾತ್ರಿ ಹೋಟೆಲ್ ರೂಮಿಗೆ ಆಡಿಷನ್ ಅಂತ ಕರೆದರೆ ಹೋಗಲೇಬೇಡ. ಕೆಲಸ ಒಪ್ಪುವ ಮೊದಲು ಎಷ್ಟು ದಿನ, ದಿನಕ್ಕೆ ಎಷ್ಟು, ಹೋಗಿ ಬರುವ ಖರ್ಚು ಯಾರದ್ದು, ಉಳಿಯೋದು ಎಲ್ಲಿ, ಡಬ್ಬಿಂಗ್ ಅದರಲ್ಲೇ ಸೇರಿದೆಯಾ, ಪೇಮೆಂಟ್ ಯಾವಾಗ ಅಂತ ವಾಟ್ಸಾಪ್‌ನಲ್ಲಿ ಬರೆಸಿಕೋ. ಒಂದು ನಿರ್ಮಾಣ ಸಂಸ್ಥೆಯಿಂದ ನನ್ನ ಬಾಕಿ ಬಂದದ್ದು ಹೀಗೆ ಬರೆಸಿಕೊಂಡಿದ್ದಕ್ಕೇ. ಪೇಮೆಂಟ್ ಕೊಡುವಾಗಲೇ ಟಿಡಿಎಸ್ ಅಂತ ತೆರಿಗೆ ಹಿಡಿದಿದ್ದರೆ ಆದಾಯ ತೆರಿಗೆ ರಿಟರ್ನ್ ಹಾಕು. ಆದಾಯ ತೆರಿಗೆ ಮಿತಿಯ ಒಳಗಿದ್ದರೆ ಆ ದುಡ್ಡು ವಾಪಸ್ ಬರುತ್ತದೆ, ಎಷ್ಟೋ ಕಲಾವಿದರು ಅದನ್ನು ಸುಮ್ನೆ ಬಿಟ್ಟುಬಿಡುತ್ತಾರೆ.

ಮನೆಯವರ ವಿಷಯ ಕೇಳಿದ್ದೆ ಅಲ್ವಾ? ಅಪ್ಪ ಅವ್ವ ಹೆದರೋದು ನಾಟಕಕ್ಕಲ್ಲ, ನೀನು ಯಾರ ಜೊತೆ ಇರುತ್ತೀಯ, ಎಷ್ಟು ಹೊತ್ತಿಗೆ ಬರುತ್ತೀಯ ಅನ್ನೋದಕ್ಕೆ. ಅವರನ್ನು ತಾಲೀಮಿಗೆ ಕರೆದುಕೊಂಡು ಹೋಗಿ ತಂಡದವರ ಪರಿಚಯ ಮಾಡಿಸು. ಎಸ್.ಎಂ. ಪಂಡಿತ ರಂಗಮಂದಿರದಲ್ಲಿ ನಿಮ್ಮ ಶೋ ಇದ್ದರೆ ಮುಂದಿನ ಸಾಲಲ್ಲೇ ಕೂರಿಸು. ಹೊರಡುವ ಮೊದಲು ಆರು ತಿಂಗಳ ಬಾಡಿಗೆ, ಊಟಕ್ಕೆ ಆಗುವಷ್ಟು ದುಡ್ಡು ಕೂಡಿಟ್ಟು ಪಾಸ್‌ಬುಕ್ ಅವರ ಕೈಗೇ ಕೊಟ್ಟು ತೋರಿಸು. ಯಾವಾಗ ಹೊರಡುತ್ತೀಯ ಅಂತ ಗೊತ್ತಾದರೆ ಇಲ್ಲೇ ತಿಳಿಸು ತಂಗಿ, ಉಳಿಯೋಕೆ ಒಳ್ಳೆ ಪಿಜಿ ನಾನೇ ನೋಡಿಕೊಡುತ್ತೇನೆ.