ಸಹಾಯ ಬೇಕು: ಲುಟೆಫಿಸ್ಕ್ ನೀರು ಬಿಡುತ್ತಿದೆ, ಏನು ಮಾಡಲಿ?

ನಮಸ್ಕಾರ. ನಾನು ಕುಂದಾಪುರದವಳು, ಗಂಡ ನಾರ್ವೆಯವರು, ಇರುವುದು ಓಸ್ಲೋದಲ್ಲಿ. ಈ ಕ್ರಿಸ್‌ಮಸ್‌ಗೆ ಅತ್ತೆ ಮಾವನಿಗೆ ನಾನೇ ಲುಟೆಫಿಸ್ಕ್ ಮಾಡಿ ಬಡಿಸುತ್ತೇನೆ ಅಂತ ಮಾತು ಕೊಟ್ಟಿದ್ದೇನೆ.

ಗೊತ್ತಿಲ್ಲದವರಿಗೆ: ಒಣಗಿಸಿದ ಕಾಡ್ ಮೀನನ್ನು ದಿನಗಟ್ಟಲೆ ನೀರಲ್ಲಿ ನೆನೆಸಿ, ಕ್ಷಾರದ ನೀರಲ್ಲಿಟ್ಟು, ಆ ಕ್ಷಾರ ಹೋಗುವಷ್ಟು ದಿನ ಮತ್ತೆ ನೀರು ಬದಲಾಯಿಸುತ್ತಾರೆ. ನಮ್ಮೂರ ಒಣಮೀನಿನ ಹಾಗಲ್ಲ, ಜೆಲ್ಲಿಯಂತೆ ಅಲುಗಾಡುತ್ತದೆ. ಮೊದಲು ನೋಡಿದಾಗ ಗಾಬರಿಯಾಗಿತ್ತು. ಈಗ ಬೇಕನ್, ಬೇಯಿಸಿ ಹಿಸುಕಿದ ಬಟಾಣಿ, ಆಲೂಗಡ್ಡೆ ಜೊತೆ ನಿಜವಾಗಿಯೂ ಇಷ್ಟ.

ಅಂಗಡಿಯಿಂದ ನೆನೆಸಿದ್ದನ್ನೇ ತಂದೆ. ಮೊದಲ ಸಲ ನೀರಲ್ಲಿ ಕುದಿಸಿದೆ, ಕರಗಿ ಗಂಜಿಯಾಯಿತು. ಎರಡನೇ ಸಲ ನೀರು ಹಾಕದೆ, ಉಪ್ಪು ಉದುರಿಸಿ, ಫಾಯಿಲ್ ಮುಚ್ಚಿ ಓವನ್‌ನಲ್ಲಿ 200 ಡಿಗ್ರಿಗೆ 40 ನಿಮಿಷ ಇಟ್ಟೆ. ಆಕಾರ ನಿಂತಿತು. ಆದರೆ ಟ್ರೇ ತುಂಬ ನೀರು, ಅಂಚೆಲ್ಲ ಲೋಳೆ. ಅತ್ತೆ ಮಾಡಿದ್ದು ಪದರ ಪದರವಾಗಿ ಬಿಡಿಸಿಕೊಳ್ಳುತ್ತಿತ್ತು. ಅವರನ್ನೇ ಕೇಳೋಣ ಅಂದರೆ, ಅವರಿಗೆ ಖುಷಿ ಕೊಡೋಣ ಅಂತಲೇ ಅಲ್ವಾ ಇದೆಲ್ಲ!

ನಾರ್ವೆಯಲ್ಲಿರುವ ಕನ್ನಡಿಗರೇ, ಮನೆಯಲ್ಲಿ ಇದನ್ನು ಮಾಡಿದವರು ಯಾರಾದರೂ ಹೇಳಿ: ಉಪ್ಪು ಹಾಕಿ ಎಷ್ಟು ಹೊತ್ತು ಬಿಡಬೇಕು? ಬಿಟ್ಟ ನೀರು ಚೆಲ್ಲಿ ಓವನ್‌ಗೆ ಇಡಬೇಕಾ, ಇಲ್ಲ ಬೇಯಿಸುವ ಹೊತ್ತನ್ನೇ ಕಡಿಮೆ ಮಾಡಬೇಕಾ?